ಕಾಲುಚೀಲಕ್ಕೂ ಒಂದು ಚಾರ್ಜರ್

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಜನಕ್ಕೆ ಕಾಲು ಸುಡುವುದು ಗೊತ್ತು, ಕಾಲು ಮರಗಟ್ಟುವುದು ಅಷ್ಟಾಗಿ ಗೊತ್ತಿಲ್ಲ. ಏಪ್ರಿಲ್ ನಡುಹಗಲಲ್ಲಿ ಮಧುಗಿರಿ ಬೆಟ್ಟದ ಬಂಡೆಯ ಮೇಲೆ ಬರಿಗಾಲಿಟ್ಟವರು ಎರಡನೇ ಹೆಜ್ಜೆ ಇಡುವ ಮೊದಲು ಯೋಚಿಸುತ್ತಾರೆ. ಮಾಗಿಯ ಚಳಿ ಎಂದು ನಾವು ನಡುಗುವುದೆಲ್ಲ ಬೆಳಗಿನ ಜಾವದ ಹನ್ನೆರಡು ಹದಿಮೂರು ಡಿಗ್ರಿಗೆ. ಎಂಟು ಗಂಟೆಗೆ ಬಿಸಿಲು ಏರಿತೆಂದರೆ ಸ್ವೆಟರ್ ಮೈಯಿಂದ ಹೆಗಲಿಗೆ ಬಂದಿರುತ್ತದೆ. ಈ ಸೀಮೆಯ ಹುಡುಗ ಹುಡುಗಿಯರು ಈಗ ಬೆಂಗಳೂರಿನ ಕಂಪನಿಗಳಿಗೆ ರಜೆ ಹಾಕಿ, ಹಿಮದ ಮೇಲೆ ಸ್ಕೀ ಜಾರಲು ಗುಲ್ಮಾರ್ಗ್, ಔಲಿ, ಸೋಲಂಗ್ ಎಂದು ಹೊರಡುತ್ತಿದ್ದಾರೆ. ಟೊರಾಂಟೊ, ಮಿನಿಯಾಪೊಲಿಸ್ ಕಡೆ ಮನೆ ಮಾಡಿಕೊಂಡವರು ಶನಿವಾರ ಮಕ್ಕಳನ್ನು ಸ್ಕೀ ತರಗತಿಗೆ ಕರೆದೊಯ್ಯುತ್ತಾರೆ. ಹೋಗಿಬಂದವರನ್ನು ಮಾತಿಗೆಳೆದರೆ ಬಿದ್ದದ್ದು, ಎದ್ದದ್ದು, ಮೊಬೈಲಿನ ವಿಡಿಯೊ ಎಲ್ಲ ಆದ ಮೇಲೆ ದನಿ ತಗ್ಗಿಸಿ ಒಂದು ಮಾತು ಹೇಳುತ್ತಾರೆ: ಮೈಯೆಲ್ಲ ಸರಿಯಿತ್ತು, ಕಾಲ್ಬೆರಳು ಮಾತ್ರ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಎತ್ತರದ ಲೆಕ್ಕ ನೋಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಏಕಶಿಲೆ ಮಧುಗಿರಿ ಬೆಟ್ಟದ ನೆತ್ತಿ 1,193 ಮೀಟರ್. ಗುಲ್ಮಾರ್ಗ್ ಊರೇ 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗೊಂಡೊಲಾ ಹತ್ತಿದರೆ ಎರಡನೇ ಹಂತದಲ್ಲಿ 3,900 ಮೀಟರಿಗೂ ಮೇಲೆ ಅಫರ್ವತ್ ಶಿಖರದ ಹೆಗಲಿಗೆ ಬಿಡುತ್ತದೆ. ಜನವರಿಯಲ್ಲಿ ಅಲ್ಲಿ ಗಾಳಿ ಬೀಸಿದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಎಂಬುದು ಮಾಮೂಲಿ ಸಂಗತಿ.

ಆದರೂ ಕಾಲೇ ಯಾಕೆ? ಚಳಿ ತಟ್ಟಿದೊಡನೆ ದೇಹ ಮೊದಲು ಕಾಪಾಡಿಕೊಳ್ಳುವುದು ಹೃದಯ, ಮಿದುಳಿನಂಥ ಒಳಗಿನ ಅಂಗಗಳನ್ನು. ಅದಕ್ಕಾಗಿ ಕೈಕಾಲಿನ ತುದಿಯ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಬೆರಳಿಗೆ ಬಿಸಿ ಬರುವುದೇ ರಕ್ತದಿಂದ. ತೊಡೆಯಲ್ಲಿರುವಂತೆ ದುಡಿದು ಶಾಖ ಹುಟ್ಟಿಸುವ ದೊಡ್ಡ ಸ್ನಾಯು ಅಲ್ಲಿಲ್ಲ. ರಕ್ತ ಕಡಿಮೆಯಾಯಿತೋ, ಬೆರಳು ಸುತ್ತಲಿನ ಹಿಮದ ಲೆಕ್ಕಕ್ಕೇ ಸೇರಿಹೋಗುತ್ತದೆ. ಇದರಿಂದ ಹೊರಡುವ ಒಂದು ಸಂಗತಿಯನ್ನು ಬಹಳ ಜನ ನಂಬುವುದೇ ಇಲ್ಲ. ಕಾಲು ತಣ್ಣಗಾದರೆ ಮೊದಲು ನೋಡಬೇಕಾದ್ದು ತಲೆಗೆ ಟೋಪಿ ಇದೆಯೇ, ಕುತ್ತಿಗೆ ಮುಚ್ಚಿದೆಯೇ, ಬೆಳಿಗ್ಗೆ ಹೊಟ್ಟೆತುಂಬ ತಿಂದಿದ್ದೀರಾ ಎಂದು. ಮೈ ಬೆಚ್ಚಗಿದ್ದರೆ ದೇಹ ಕಾಲಿಗೂ ಒಂದಿಷ್ಟು ಬಿಸಿರಕ್ತ ಕಳಿಸುವ ಉದಾರತೆ ತೋರಿಸುತ್ತದೆ. ಬೆಳಗಿನ ಊಟ ಬಿಟ್ಟು ಎರಡು ಬಿಸ್ಕತ್ತಿನ ಮೇಲೆ ಇಳಿಜಾರಿಗೆ ಹೋದವನಿಗೆ ಎಂಥ ಬೂಟೂ ಆಗಿಬರುವುದಿಲ್ಲ. ಮುದ್ದೆ ಉಂಡು ಹೊಲಕ್ಕೆ ಹೋಗುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬೂಟಿನ ವಿಚಾರ. ಇಳಿಜಾರಿನ ಸ್ಕೀ ಬೂಟು ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಒಂದು ಒಳಬೂಟು, ಮುಂಭಾಗದಲ್ಲಿ ಮೂರೋ ನಾಲ್ಕೋ ಬಕಲು. ಮೊದಲ ಸಲ ಹಾಕಿಕೊಂಡವರಿಗೆ ಕಾಲು ಒಳಗೆ ಅಲ್ಲಾಡಿದರೆ ಬಿದ್ದೇನೆಂಬ ಭಯ. ಬಕಲುಗಳನ್ನು ಎಳೆದು ಕೊನೆಯ ಹಲ್ಲಿಗೆ ಸಿಕ್ಕಿಸುತ್ತಾರೆ. ಪಾದದ ಮೇಲುಭಾಗದಲ್ಲಿ, ಚರ್ಮದ ಕೆಳಗೇ, ಬೆರಳುಗಳ ಕಡೆ ಹೋಗುವ ಒಂದು ಧಮನಿ ಇದೆ. ಅಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ, ಸಕ್ಕರೆ ಕಾಯಿಲೆಯವರ ಕಾಲನ್ನು ಪರೀಕ್ಷಿಸುವಾಗ ಡಾಕ್ಟರು ಮುಟ್ಟಿ ನೋಡುವ ಜಾಗವೂ ಅದೇ. ಬಿಗಿದ ಬಕಲು ಕೂರುವುದು ಸರಿಯಾಗಿ ಅದರ ಮೇಲೆ. ಅದರ ಜೊತೆಗೆ ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ಹಾಕಿಕೊಂಡಿದ್ದರೆ ಇನ್ನೇನು ಉಳಿಯಿತು? ಕಾಲನ್ನು ಬೆಚ್ಚಗಿಡಲು ಹಾಕಿದ ಎರಡನೇ ಚೀಲವೇ ರಕ್ತದ ದಾರಿ ಕಟ್ಟುತ್ತದೆ, ಬೂಟಿನೊಳಗೆ ಬೆಚ್ಚಗೆ ನಿಲ್ಲಬೇಕಾದ ಗಾಳಿಯ ಜಾಗವನ್ನೂ ತಿನ್ನುತ್ತದೆ. ಅದಕ್ಕೇ ಅನುಭವಸ್ಥರು ಹಾಕುವುದು ಮೊಣಕಾಲವರೆಗೆ ಬರುವ ತೆಳ್ಳನೆಯ ಒಂದೇ ಚೀಲ. ಕೇಬಲ್ ಲಿಫ್ಟಿನಲ್ಲಿ ಕೂತು ಮೇಲೇರುವಾಗ ಬಕಲು ಸಡಿಲಿಸಿ ಬೆರಳು ಆಡಿಸುತ್ತಾರೆ, ಇಳಿಯುವ ಮುಂಚೆ ಮತ್ತೆ ಹಾಕುತ್ತಾರೆ.

ಕರ್ನಾಟಕದ ಸ್ಕೀಯಿಂಗ್ ಎಂದರೆ ಇವತ್ತು ಮೊದಲು ಬರುವ ಹೆಸರು ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರದು. ಹಿಮವೇ ಬೀಳದ ರಾಜ್ಯದಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದವರು, ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಅವರ ಆಟವನ್ನು ನೋಡಿದರೆ ಕಾಲಿನ ಬಿಸಿಯ ಗುಟ್ಟು ಅರ್ಧ ತಿಳಿಯುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಇಳಿಜಾರು ಮಾತ್ರವಲ್ಲ, ಏರು, ಬಯಲು ಎಲ್ಲ ಇರುತ್ತದೆ. ಬೂಟು ಹಗುರ, ಓಟಗಾರರ ಶೂ ಹಾಗೆ ಬಾಗುತ್ತದೆ, ಹಿಮ್ಮಡಿ ಸ್ಕೀಯಿಂದ ಮೇಲೇಳುತ್ತದೆ. ಇಡೀ ಮೈ ಒಂದು ಗಳಿಗೆ ಬಿಡದೆ ದುಡಿಯುತ್ತಿರುತ್ತದೆ, ರಕ್ತ ಬೆರಳ ತುದಿವರೆಗೂ ನುಗ್ಗುತ್ತದೆ. ಅಲ್ಲಿ ಬ್ಯಾಟರಿಯಿಂದ ಬಿಸಿಯಾಗುವ ಕಾಲುಚೀಲದ ಗೊಡವೆ ಹೆಚ್ಚಿಲ್ಲ. ಆದರೂ ಚಳಿಗೆ ಒಂದು ಗೆರೆ ಇದೆ: ಪಂದ್ಯದ ಹಾದಿಯ ಅತಿ ತಣ್ಣಗಿನ ಜಾಗದಲ್ಲಿ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದರೆ ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ನಿನ ನಿಯಮದಂತೆ ಓಟ ಮುಂದೂಡಬೇಕು, ಇಲ್ಲವೇ ರದ್ದು ಮಾಡಬೇಕು. ಬಿಡದೆ ದುಡಿಯುವ ಆಟಗಾರರಿಗೆ ಹೋಲಿಸಿದರೆ ಪ್ರವಾಸಿಯ ಪಾಡು ತಿರುಗಾಮುರುಗಾ. ಎರಡು ನಿಮಿಷ ಜಾರುತ್ತಾನೆ, ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಲ್ಲುತ್ತಾನೆ, ಹತ್ತು ನಿಮಿಷ ಫೋಟೊಗೆ ನಿಲ್ಲುತ್ತಾನೆ. ಬ್ಯಾಟರಿ ಬೇಕಾದ್ದು ನಿಂತವನ ಕಾಲಿಗೆ.

ಆ ಬ್ಯಾಟರಿ ಚೀಲವನ್ನು ಮೇಜಿನ ಮೇಲೆ ಬಿಚ್ಚಿ ನೋಡೋಣ. ಕಾಣುವುದಕ್ಕೆ ಶಾಲೆ ಮಕ್ಕಳ ಉದ್ದ ಕಾಲುಚೀಲವೇ. ಮೇಲಂಚಿನ ಮಡಿಕೆಯೊಳಗೆ ಎರಡು ಲೋಹದ ಟಿಚ್ ಗುಂಡಿಗಳಿವೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಬ್ಯಾಟರಿ ಅದಕ್ಕೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಕೂದಲಂಥ ತಂತಿಗಳು ಹೆಣಿಗೆಯೊಳಗೇ ಇಳಿದು ಬೆರಳುಗಳ ಸುತ್ತ ಬಳಸುತ್ತವೆ. ಕೈಯಾಡಿಸಿದರೆ ತಂತಿ ಇದೆಯೆಂದೇ ಗೊತ್ತಾಗುವುದಿಲ್ಲ, ಗುಂಡಿ ಒತ್ತಿದರೆ ಸಣ್ಣ ದೀಪ ಹತ್ತುತ್ತದೆ, ಸಾಮಾನ್ಯವಾಗಿ ಮೂರು ಮಟ್ಟದ ಬಿಸಿ. ಕೆಲವಕ್ಕೆ ಬ್ಲೂಟೂತ್ ಕೂಡ ಇದೆ, ಜೇಬಿನ ಮೊಬೈಲಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು. ಆಸ್ಟ್ರಿಯಾದ ಲೆನ್ಜ್, ಹಾಟ್ರಾನಿಕ್, ಫ್ರಾನ್ಸಿನ ಥರ್ಮಿಕ್ ಈ ಕಸುಬಿನಲ್ಲಿ ಹಳಬರು. ಚೀಲದ ಬದಲು ಬೂಟಿನ ಒಳಹಾಸಿಗೇ ಬಿಸಿ ತಂತಿ ಕೂರಿಸುವ ಪದ್ಧತಿಯೂ ಉಂಟು. ಬಾಡಿಗೆ ಬೂಟು ಹಾಕುವವರಿಗೆ ಚೀಲವೇ ವಾಸಿ. ಬೂಟು ಯಾರದಾದರೇನು, ಬಿಸಿ ನಮ್ಮದು. ಊರಿನ ಅಜ್ಜಿಯೊಬ್ಬರು ಮೊಮ್ಮಗ ಇದಕ್ಕೆ ಚಾರ್ಜು ಹಾಕುವುದನ್ನು ನೋಡಿ, "ಇನ್ನು ಲುಂಗಿಗೂ ಕರೆಂಟ್ ಹಾಕ್ಕೊಳ್ರಪ್ಪ" ಎಂದರಂತೆ.

ಮೈಗೆ ಕರೆಂಟು ಕೊಡುವ ಐಡಿಯಾ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳು ಮೈನಸ್ 40 ಡಿಗ್ರಿ ಚಳಿಯ ಎತ್ತರದಲ್ಲಿ ಹಾರುತ್ತಿದ್ದವು. ತೆರೆದ ಕಿಟಕಿಯ ಪಕ್ಕ ಬಂದೂಕು ಹಿಡಿದು ನಿಂತವರಿಗೆ ವಿಮಾನದ ವಿದ್ಯುತ್ತಿನಿಂದಲೇ ಬಿಸಿಯಾಗುವ ಅಂಗಿ, ಕೈಗವಸು, ಪಾದರಕ್ಷೆಗಳನ್ನು ಕೊಟ್ಟರು. ಅಮೆರಿಕನ್ನರ ಮೊದಮೊದಲ ಉಡುಪಿನಲ್ಲಿ ತಂತಿಯೆಲ್ಲ ಒಂದೇ ಸಾಲಿನಲ್ಲಿ ಹರಿಯುತ್ತಿತ್ತು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಆರಿಹೋಗುವ ಹಾಗೆ, ಒಂದು ಕಡೆ ತಂತಿ ತುಂಡಾದರೆ ತಲೆಯಿಂದ ಕಾಲವರೆಗೆ ತಣ್ಣಗೆ. ಆಮೇಲೆ ಬಂದವುಗಳಲ್ಲಿ ಅದನ್ನು ಬದಲಿಸಿದರು. ಹಗುರವಾದ ಲಿಥಿಯಂ ಬ್ಯಾಟರಿ ಬಂದ ಮೇಲಷ್ಟೇ ಈ ಸೌಕರ್ಯ ವಿಮಾನದಿಂದಿಳಿದು ಪ್ರವಾಸಿಯ ಸೂಟ್‌ಕೇಸಿಗೆ ಬಂದದ್ದು.

ಈ ಚೀಲ ಕುಡಿಯುವ ಕರೆಂಟು ಎಷ್ಟು ಎಂದರೆ ಪಾವಗಡದವರಿಗೆ ನಗು ಬರಬಹುದು. ಒಂದೊಂದು ಕಾಲಿಗೆ ನಾಲ್ಕು ವ್ಯಾಟ್ ಎಂದುಕೊಳ್ಳಿ, ಎರಡೂ ಕಾಲಿಗೆ ಸೇರಿ ಎಂಟು, ಒಂದು ಎಲ್‌ಇಡಿ ಬಲ್ಬಿನಷ್ಟು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಸರ್ಕಾರ 'ಶಕ್ತಿಸ್ಥಳ' ಎಂದು ಹೆಸರಿಟ್ಟು 2018ರ ಮಾರ್ಚ್ 1ರಂದು ಉದ್ಘಾಟಿಸಿದ್ದು ಅದನ್ನೇ. ಒಂದು ಕ್ಷಣ ಪೂರ್ತಿ ಸಾಮರ್ಥ್ಯದಲ್ಲಿ ಓಡಿತೆಂದರೆ ಆ ಗಳಿಗೆಯಲ್ಲಿ ಇಪ್ಪತ್ತೈದು ಕೋಟಿಗೂ ಮಿಕ್ಕಿದ ಜನರ ಎರಡೂ ಕಾಲನ್ನು ಬೆಚ್ಚಗಿಡಬಹುದು! ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡ ರೈತರು ವರ್ಷಕ್ಕೆ ಎಕರೆಗೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆಗೆ ನೆಲ ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆಯ ಕರಾರಿನಲ್ಲಿ. ಜಮೀನಿದ್ದವರಿಗೆ ಹಣ ಬಂತು. ಆ ಬೀಳು ನೆಲದಲ್ಲಿ ಕುರಿ ಮೇಯಿಸಿಕೊಂಡಿದ್ದವರಿಗೆ ಬೇಲಿ ಬಂತು.

ಕುರಿಯ ಮಾತು ಬಂದ ಮೇಲೆ ಬ್ಯಾಟರಿಯನ್ನು ಸ್ವಲ್ಪ ಬದಿಗಿಡಬೇಕು. ಯಾಕೆಂದರೆ ಇಂಥ ಚೀಲದಲ್ಲಿ ದುಬಾರಿಯಾದದ್ದು ತಂತಿಯೊಂದೇ ಅಲ್ಲ, ಅದರ ಉಣ್ಣೆಯೂ ಹೌದು. ಹತ್ತಿ ಚೀಲ ಬೆವರನ್ನು ಕುಡಿದು ಕಾಲಿಗೇ ಅಂಟಿಕೊಂಡು ಕೂರುತ್ತದೆ, ಒದ್ದೆಯಾದದ್ದು ಒಣಗಿದ್ದಕ್ಕಿಂತ ಎಷ್ಟೋ ಪಟ್ಟು ಬೇಗ ಶಾಖ ಕಳೆಯುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಒಳಗೆಳೆದುಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಅದರಿಂದ ಒಂದಿಷ್ಟು ಶಾಖವೂ ಬಿಡುಗಡೆಯಾಗುತ್ತದೆ. ಈ ಸಂಗತಿಯನ್ನು ಚಳಿದೇಶದ ಪ್ರಯೋಗಾಲಯದಿಂದ ಕಲಿಯಬೇಕಾದ ಸೀಮೆ ನಮ್ಮದಲ್ಲ. ಕಾರ್ತಿಕದ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿಹಟ್ಟಿಯ ಪಕ್ಕ ರಾತ್ರಿ ಕಳೆದ ಯಾರನ್ನಾದರೂ ಕೇಳಿ, ನೆನೆದ ಕಂಬಳಿ ಹೊರಲಾರದಷ್ಟು ಭಾರ, ಆದರೆ ಮೈಗೆ ಚಳಿ ತಾಗಗೊಡುವುದಿಲ್ಲ ಎನ್ನುತ್ತಾರೆ.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಸಿರಾ ಹಾದು ಹೋದ. ಕುರುಬರ ಕುರಿಸಾಕಣೆ, ಕಂಬಳಿ ನೇಯ್ಗೆ ಅವನ ದಿನಚರಿಯಲ್ಲಿ ಜಾಗ ಪಡೆದವು. ಆ ಕಂಬಳಿಯ ಹುಟ್ಟು ಈಗಲೂ ಕಾಣಸಿಗುವ ಮನೆಗಳು ಒಂದೊಂದು ಕಡೆ ಉಳಿದಿವೆ. ತುಪ್ಪಟ ಕತ್ತರಿಸಿ, ಹಿಂಜಿ, ಕದಿರಿಗೆ ಹಾಕಿ ನೂತ ಎಳೆಯನ್ನು ಬೀದಿಯುದ್ದಕ್ಕೂ ಹಾಸು ಹೂಡುತ್ತಾರೆ. ಹುಣಸೆ ಬೀಜವನ್ನು ಪುಡಿಮಾಡಿ ಕಾಯಿಸಿದ ಗಂಜಿಯನ್ನು ಕುಂಚದಲ್ಲಿ ಸವರುತ್ತಾ ಹೋದರೆ ಕೆದರಿದ ಎಳೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಒಣಗುವಾಗ ಆ ಬೀದಿಗೆಲ್ಲ ಸುಟ್ಟ ಹುಣಸೆ ಬೀಜದ ವಾಸನೆ. ಆಮೇಲೆ ಗುಂಡಿಮಗ್ಗ. ನೇಯುವವನು ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ತುಳಿಯುತ್ತಾನೆ. ಮೆದೆ ಕಾಯುವುದಕ್ಕೂ ಅದೇ ಕಂಬಳಿ, ಬಾಣಂತಿಗೂ ಅದೇ, ದೇವರ ಗದ್ದುಗೆಗೂ ಅದೇ. ಕುರುಬರಲ್ಲೂ ಕಾಡುಗೊಲ್ಲರಲ್ಲೂ ಕಂಬಳಿ ಹಾಸದೆ ಶುಭಕಾರ್ಯ ಸಾಗುವುದಿಲ್ಲ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ಗುಡ್ಡೆಗೆ ಹೋಗಿಬರುವ ಹಟ್ಟಿಗಳ ಜನಕ್ಕೆ ಇದನ್ನು ಹೇಳುವುದೇ ಅಧಿಕಪ್ರಸಂಗ.

ಹಾಗಾದರೆ ಸಿರಾ ಉಣ್ಣೆಯಲ್ಲೇ ಸ್ಕೀ ಚೀಲ ಹೆಣೆಯಬಹುದಲ್ಲ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಆಗುವುದಿಲ್ಲ, ಅದನ್ನು ನೇರ ಹೇಳಿಬಿಡುವುದೇ ಒಳ್ಳೆಯದು. ಚೀಲಕ್ಕೆ ಬಳಸುವ ಮೆರಿನೊ ಎಳೆ ಹೆಚ್ಚುಕಡಿಮೆ 20 ಮೈಕ್ರಾನ್ ದಪ್ಪ. ನಮ್ಮ ದಖ್ಖನಿ ಕುರಿಯದು ಅದರ ದುಪ್ಪಟ್ಟಿನ ಆಸುಪಾಸು. ಎಳೆ 30 ಮೈಕ್ರಾನ್ ದಾಟಿತೆಂದರೆ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಕಂಬಳಿ ಹೊದ್ದು ಬೆಳೆದ ಬೆನ್ನು ಅದನ್ನು ತಡೆದೀತು, ಬೂಟಿನೊಳಗೆ ಉಜ್ಜಿಸಿಕೊಳ್ಳುವ ಹೆಬ್ಬೆರಳು ತಡೆಯದು. ಕಮಿಷನರ್ ಮಾರ್ಕ್ ಕಬ್ಬನ್ 19ನೇ ಶತಮಾನದಲ್ಲೇ ಆಸ್ಟ್ರೇಲಿಯಾದಿಂದ ಮೆರಿನೊ ಟಗರು ತರಿಸಿ ಮೈಸೂರಿನ ಕುರಿಗಳ ಉಣ್ಣೆ ತಿದ್ದಲು ಹೊರಟಿದ್ದರು. ಅದು ನಾಡಿನುದ್ದಕ್ಕೂ ನೆಲೆನಿಲ್ಲಲಿಲ್ಲ. ಈಗಿನ ಸ್ಥಿತಿ ಇನ್ನೂ ಒಂದು ಹೆಜ್ಜೆ ಆಚೆ ಹೋಗಿದೆ. ಕುರಿ ಸಂತೆಯಲ್ಲಿ ಬೆಲೆ ಕಟ್ಟುವುದು ಮಾಂಸಕ್ಕೆ. ಆಂಧ್ರದ ಗಡಿಗೆ ಅಂಟಿದ ಈ ತಾಲ್ಲೂಕುಗಳಲ್ಲಿ ಮೈತುಂಬ ತುಪ್ಪಟವಿರುವ ಕರಿಕುರಿಯ ಬದಲು ಬೇಗ ತೂಕ ಬರುವ, ಉಣ್ಣೆಯಿಲ್ಲದ ನೆಲ್ಲೂರು ತಳಿಯ ಎತ್ತರದ ಕುರಿಗಳೇ ಮಂದೆಗೆ ಸೇರುತ್ತಿವೆ. ಸಾಕುವವರನ್ನು ದೂರುವ ಹಾಗಿಲ್ಲ. ಕತ್ತರಿಸಿದವರ ಕೂಲಿಯೂ ಹುಟ್ಟದ ಉಣ್ಣೆಗಾಗಿ ಯಾರು ಕುರಿ ಸಾಕುತ್ತಾರೆ?

ಮತ್ತೆ ಬ್ಯಾಟರಿಗೆ. ಕೊಂಡವರಲ್ಲಿ ಬಹಳ ಜನ ಈ ಚೀಲವನ್ನು ತಪ್ಪಾಗಿ ಬಳಸುತ್ತಾರೆ. ಕಾಲು ಮರಗಟ್ಟಿದ ಮೇಲೆ ಗುಂಡಿ ಒತ್ತಿ, ಮೂರನೇ ಮಟ್ಟಕ್ಕೇರಿಸಿ, ಐದು ನಿಮಿಷಕ್ಕೆ ಬಿಸಿಯಾಗಲಿಲ್ಲವೆಂದು ಬೈಯುತ್ತಾರೆ. ನಾಲ್ಕು ವ್ಯಾಟಿಗೆ ತಣ್ಣಗಾದ ಕಾಲನ್ನು ಮತ್ತೆ ಕಾಯಿಸುವ ತಾಕತ್ತಿಲ್ಲ. ಬೆಚ್ಚಗಿರುವ ಕಾಲು ತಣ್ಣಗಾಗದಂತೆ ನೋಡಿಕೊಳ್ಳಲು ಅಷ್ಟು ಸಾಕು. ಹೋಟೆಲಿನ ಕೋಣೆಯಲ್ಲೇ, ಒಣಗಿದ ಕಾಲಿಗೆ ಒಣಗಿದ ಚೀಲ ಹಾಕಿ, ತೀರಾ ಕಡಿಮೆ ಮಟ್ಟದಲ್ಲಿ ಶುರುಮಾಡಿ ಹೊರಡಬೇಕು. ಲಿಫ್ಟಿನಲ್ಲಿ ಒಂದು ಮಟ್ಟ ಏರಿಸಿ, ಜಾರುವಾಗ ಇಳಿಸಬೇಕು. ಹೆಚ್ಚಿಟ್ಟರೆ ಕಾಲು ಬೆವರುತ್ತದೆ, ಬೆವರು ಮಧ್ಯಾಹ್ನದ ಹೊತ್ತಿಗೆ ಚಳಿಯಾಗಿ ತಿರುಗಿ ಬರುತ್ತದೆ. ಲೆಕ್ಕವೂ ಸರಳ: 7.4 ವೋಲ್ಟಿನ 2,200 ಮಿಲಿಆಂಪ್ ಗಂಟೆಯ ಬ್ಯಾಟರಿಯಲ್ಲಿ ಇರುವುದು ಹದಿನಾರು ವ್ಯಾಟ್ ಗಂಟೆ. ಎರಡು ವ್ಯಾಟಿನಲ್ಲಿಟ್ಟರೆ ಇಡೀ ದಿನ ಬರುತ್ತದೆ, ಐದರಲ್ಲಿಟ್ಟರೆ ಮೂರು ಗಂಟೆ. ಚಳಿಯಲ್ಲಿ ಅದೂ ಸ್ವಲ್ಪ ಕುಗ್ಗುತ್ತದೆ. ಚಾರ್ಜ್ ಮಾಡುವುದು ಕೋಣೆಯ ಒಳಗೇ ಆಗಬೇಕು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹಾಕಿದರೆ ಒಳಗೆ ಲೋಹದ ಪದರ ಕಟ್ಟಿ ಕೆಡುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿದರೆ ತಪಾಸಣೆಯವರು ಕರೆಯುತ್ತಾರೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಸಿ ಪೊಟ್ಟಣಗಳದ್ದು ಬೇರೆ ಕತೆ. ಒಳಗಿರುವುದು ಕಬ್ಬಿಣದ ಪುಡಿ. ಗಾಳಿ ಸೋಕಿದರೆ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಕೈಗವಸಿನಲ್ಲಿ ಚೆನ್ನ. ಸ್ಕೀ ಬೂಟಿನ ಮುಚ್ಚಿದ ಚಿಪ್ಪಿನೊಳಗೆ ಅದಕ್ಕೆ ಉಸಿರು ಸಾಲದು, ಮೇಲಾಗಿ ಬೆರಳಿನ ಜಾಗವನ್ನೂ ಹಿಡಿಯುತ್ತದೆ.

ನಮ್ಮ ಕಡೆಯ ಓದುಗರಿಗೆ ಒತ್ತಿ ಹೇಳಬೇಕಾದ ಸಂಗತಿ ಸಕ್ಕರೆ ಕಾಯಿಲೆಯದು. ಮಗನನ್ನೋ ಮಗಳನ್ನೋ ನೋಡಲು ಅಮೆರಿಕ, ಕೆನಡಾಗೆ ಹೋಗುವ ಅರವತ್ತು ದಾಟಿದ ಅಪ್ಪ ಅಮ್ಮಂದಿರಿಗೆ ಮಕ್ಕಳು ಪ್ರೀತಿಯಿಂದ ತಂದುಕೊಡುವ ವಸ್ತುಗಳಲ್ಲಿ ಈ ಚೀಲವೂ ಸೇರಿದೆ. ಸಕ್ಕರೆಯಿಂದ ಪಾದದ ನರ ಮಂಕಾಗಿರುವವರು ಇದನ್ನು ಹಾಕಿಕೊಳ್ಳಲೇಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಸಣ್ಣ ಬಿಸಿ ಒಂದೇ ಜಾಗಕ್ಕೆ ಗಂಟೆಗಟ್ಟಲೆ ತಾಗಿದರೆ ಬೊಬ್ಬೆ ಏಳುತ್ತದೆ, ಅಂಥ ಕಾಲಿನ ಗಾಯ ಮಾಯಲು ತಿಂಗಳುಗಳು ಬೇಕು. ಕಾಶ್ಮೀರದವರು ಫಿರನ್ ನಿಲುವಂಗಿಯ ಒಳಗೆ ಕೆಂಡ ತುಂಬಿದ ಕಾಂಗ್ಡಿ ಮಡಕೆ ಇಟ್ಟುಕೊಂಡು ಚಳಿಗಾಲ ಕಳೆಯುತ್ತಾರಲ್ಲ, ವರ್ಷಗಟ್ಟಲೆ ಅದರ ಶಾಖ ತಾಗಿದ ತೊಡೆ, ಹೊಟ್ಟೆಯ ಚರ್ಮದಲ್ಲಿ ಬಲೆಯಂಥ ಕಂದು ಕಲೆ ಮೂಡುವುದನ್ನು, ಕೆಲವರಲ್ಲಿ ಅಲ್ಲಿಯೇ ಕ್ಯಾನ್ಸರ್ ಹುಟ್ಟುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಿತವೆನಿಸುವ ಬಿಸಿಯೂ ಚರ್ಮದ ಲೆಕ್ಕದಲ್ಲಿ ಬಿಸಿಯೇ.

ಬೆರಳು ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಗೊತ್ತಾಗದಂತಾಗಿದ್ದರೆ ಅದು ಬರಿಯ ಚಳಿಯಲ್ಲ, ಹಿಮಕಡಿತ. ಆಗ ಬ್ಯಾಟರಿಯಾಗಲಿ, ಕೋಣೆಯ ಬುಖಾರಿ ಒಲೆಯಾಗಲಿ ಹತ್ತಿರ ತರಬಾರದು. ತಿಕ್ಕಬಾರದು, ಹಿಮದಿಂದ ಉಜ್ಜುವುದಂತೂ ಹಳೆಯ ಮೂಢತನ. ಮತ್ತೆ ಚಳಿಗೆ ಹೋಗುವ ಸಂದರ್ಭವಿಲ್ಲ ಎಂದು ಖಾತ್ರಿಯಾದ ಮೇಲೆ 37ರಿಂದ 39 ಡಿಗ್ರಿಯ, ಎಂದರೆ ಮಗುವಿಗೆ ಎರೆಯುವಷ್ಟು ಹದದ ನೀರಿನಲ್ಲಿ ಕಾಲಿಳಿಸಿ, ಡಾಕ್ಟರ ಬಳಿ ಹೋಗಬೇಕು. ಜೀವ ಮರಳುವಾಗ ಅಸಾಧ್ಯ ನೋವಾಗುತ್ತದೆ.

ಬಾಡಿಗೆ ಅಂಗಡಿಯಲ್ಲಿ ಬೆಳಿಗ್ಗೆ ಬೂಟು ಕೊಟ್ಟಾಗ ಮೊದಲು ಕೈ ಒಳಗೆ ಹಾಕಿ ನೋಡಿ. ನಿನ್ನೆಯವನ ಬೆವರು ಇನ್ನೂ ಒದ್ದೆಯಾಗಿದ್ದರೆ ಬೇರೆ ಜೊತೆ ಕೇಳಿ, ಸಂಕೋಚ ಬೇಡ. ಸ್ವಂತ ಬೂಟಾದರೆ ರಾತ್ರಿ ಒಳಬೂಟನ್ನು ಹೊರಗೆಳೆದು ಕೋಣೆಯಲ್ಲಿ ಹರಡಬೇಕು, ಒಲೆಗೆ ತೀರಾ ಹತ್ತಿರವಲ್ಲ. ಇನ್ನು ನಮ್ಮ ಕರಿಕುರಿಯ ಒರಟು ಉಣ್ಣೆಗೆ ಹಿಮದಲ್ಲಿ ಜಾಗವೇ ಇಲ್ಲವೆಂದೂ ಅಲ್ಲ. ಯುರೋಪಿನ ಚಳಿ ಊರುಗಳಲ್ಲಿ ದಪ್ಪ ಉಣ್ಣೆಯನ್ನು ಗುದ್ದಿ ಕಟ್ಟಿದ ಒಳಹಾಸುಗಳನ್ನು ಬೂಟಿಗೆ ಹಾಕುತ್ತಾರೆ. ಚರ್ಮಕ್ಕೆ ತಾಗದ ಆ ಜಾಗದಲ್ಲಿ ಎಳೆ ಚುಚ್ಚುವ ತಕರಾರಿಲ್ಲ, ಒರಟುತನವೇ ಅಲ್ಲಿ ಬಾಳಿಕೆ. ಸವೆದ ಕಂಬಳಿಯ ತುಂಡೊಂದನ್ನು ಪಾದದ ಅಳತೆಗೆ ಕತ್ತರಿಸಿ ಅಂಚು ಹೊಲಿಸಿಕೊಳ್ಳುವುದು ಸಿರಾದ ಯಾವ ಚಪ್ಪಲಿ ಹೊಲಿಯುವವರಿಗೂ ಅರ್ಧ ಗಂಟೆಯ ಕೆಲಸ. ಹಿಮದಲ್ಲಿ ನಡೆದಾಡುವ ಅಗಲ ಬೂಟಿಗೆ ಅದು ಒಪ್ಪುತ್ತದೆ. ಸ್ಕೀ ಬೂಟಿನಲ್ಲಿ ಮಾತ್ರ ಜಾಗ ನೋಡಿಕೊಂಡು ಹಾಕಿ. ಬಕಲು ಹಾಕಿದ ಮೇಲೂ ಬೆರಳು ಆಡುತ್ತಿದ್ದರೆ ಇರಲಿ, ಆಡದಿದ್ದರೆ ತೆಗೆದು ಜೇಬಿಗಿಟ್ಟುಕೊಳ್ಳಿ.